ವೇದಿಕೆಗೆ ಮೊದಲು ಮತದಾರರ ಪಟ್ಟಿ

ಚಿತ್ರದುರ್ಗದ ಓದುಗರೊಬ್ಬರ ಪತ್ರ: "ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ. ಚುನಾವಣಾ ಸಮೀಕ್ಷೆ ನಡೆಸಿ, ದೊಡ್ಡ ಸಭೆಗಳಲ್ಲಿ ಮುಖ್ಯ ಭಾಷಣ ಮಾಡುವವರ ಹಾಗೆ ಆಗಬೇಕೆಂಬ ಆಸೆ. ಒಂದೆರಡು ಸಾವಿರ ಜನರನ್ನು ಕೇಳಿ ಐದು ಕೋಟಿ ಮತದಾರರ ಒಲವು ಹೇಳಬಹುದೇ? ಎಲ್ಲಿಂದ ಶುರು ಮಾಡಲಿ?"

ಸಂಪಾದಕರ ಉತ್ತರ: ಹೇಳಬಹುದು. ಎಷ್ಟು ಜನರನ್ನು ಕೇಳಿದಿರಿ ಎಂಬುದಕ್ಕಿಂತ ಅವರನ್ನು ಹೇಗೆ ಆರಿಸಿದಿರಿ ಎಂಬುದೇ ಇಲ್ಲಿ ದೊಡ್ಡದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು 1 ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳಿಸಿತು. ತುಂಬಿ ಬಂದವು 20 ಲಕ್ಷಕ್ಕೂ ಹೆಚ್ಚು. ಅದನ್ನು ನಂಬಿ, ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ವಿಳಾಸಗಳು ಹೆಚ್ಚಾಗಿ ಟೆಲಿಫೋನ್, ಕಾರು ಇದ್ದವರದ್ದು. ಚೀಟಿ ಮರಳಿಸುವ ಶ್ರಮ ತೆಗೆದುಕೊಂಡವರೂ ಒಂದೇ ಬಗೆಯವರು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ (ಕೇಳಲು ಆರಿಸಿಕೊಂಡ ಜನರ ಗುಂಪು) ಹಿಡಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆದ್ದವರನ್ನು ಸರಿಯಾಗಿ ಹೇಳಿದರು. ಅದೇ ಗ್ಯಾಲಪ್ 1948ರಲ್ಲಿ ಎಡವಿದರು. ಮತದಾನಕ್ಕೆ ಎರಡು ವಾರಕ್ಕೂ ಮೊದಲೇ ಕೇಳುವುದನ್ನು ನಿಲ್ಲಿಸಿದ್ದರು. ಇಷ್ಟು ಗಂಡಸರು, ಇಷ್ಟು ಹೆಂಗಸರು ಎಂಬ ಲೆಕ್ಕ ಕೊಟ್ಟು, ಯಾರನ್ನು ಕೇಳಬೇಕೆಂಬುದನ್ನು ಕ್ಷೇತ್ರಕಾರ್ಯಕರ್ತರಿಗೇ ಬಿಟ್ಟಿದ್ದರು. ಗೆದ್ದದ್ದು ಅವರು ಸೋಲುತ್ತಾರೆ ಎಂದಿದ್ದ ಟ್ರೂಮನ್.

ಸರಿಯಾಗಿ ಆರಿಸಿದ 1,000 ಜನರ ಮಾದರಿಯಲ್ಲಿ ದೋಷಮಿತಿ (ನಿಜವಾದ ಒಲವಿನಿಂದ ಲೆಕ್ಕ ತಪ್ಪಬಹುದಾದ ಅಂತರ) ಸುಮಾರು ಶೇ 3, ಆಚೆಗೂ ಈಚೆಗೂ. ಅದನ್ನು ಅರ್ಧಕ್ಕಿಳಿಸಲು 2,000 ಸಾಲದು, 4,000 ಬೇಕು. ಕೆಲವೇ ಊರುಗಳಲ್ಲಿ ಗುಂಪಾಗಿ ಕೇಳಿದರೆ ದೋಷ ಇದಕ್ಕಿಂತ ಹೆಚ್ಚು.

ಮತಗಟ್ಟೆ ಮಟ್ಟದ ಕೆಲಸ ಹೀಗಿರುತ್ತದೆ. ಪಟ್ಟಿಯಲ್ಲಿ 1,200 ಹೆಸರಿದ್ದು, ನಿಮಗೆ 25 ಬೇಕೆನ್ನಿ. 1,200ನ್ನು 25ರಿಂದ ಭಾಗಿಸಿದರೆ 48. 1ರಿಂದ 48ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, 17 ಬಂದರೆ 17, 65, 113 ಎಂದು 48 ಕೂಡಿಸುತ್ತ ಹೋಗಿ. ಆ ಹೆಸರಿನವರು ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಬೇಡಿ. ಸಂಜೆ ಮತ್ತೆ ಹೋಗಿ. ಹಗಲು ಮನೆಯಲ್ಲಿ ಸಿಗುವವರು ಹೊಲಕ್ಕೆ, ಕಾರ್ಖಾನೆಗೆ ಹೋದವರ ಹಾಗೆ ಮತ ಹಾಕುತ್ತಾರೆಂದು ಭರವಸೆಯಿಲ್ಲ. ಹೆಂಗಸರ ಪರವಾಗಿ ಗಂಡನೋ ಮಗನೋ ಉತ್ತರ ಕೊಡಲು ಮುಂದಾಗುವುದು ನಮ್ಮಲ್ಲಿ ದಿನನಿತ್ಯದ ತೊಂದರೆ. ಅದಕ್ಕೇ ಪಕ್ಷದ ಪ್ರಶ್ನೆಯನ್ನು ಬಾಯಲ್ಲಿ ಕೇಳದೆ, ಚಿಹ್ನೆಗಳಿರುವ ನಕಲಿ ಮತಪತ್ರ ಕೊಟ್ಟು ಮುಚ್ಚಿದ ಡಬ್ಬಿಗೆ ಹಾಕಿಸುವುದು ಒಳ್ಳೆಯದು. ಇಷ್ಟಾದರೂ ಮಾದರಿಯಲ್ಲಿ ಹೆಂಗಸರು ಶೇ 40, ಪಟ್ಟಿಯಲ್ಲಿ ಶೇ 50 ಇದ್ದರೆ, ಅವರ ಪ್ರತಿ ಉತ್ತರಕ್ಕೂ 1.25 ತೂಕ (ಅಂದರೆ ಒಂದು ಉತ್ತರವನ್ನು 1.25 ಎಂದು ಎಣಿಸುವುದು), ಗಂಡಸರದಕ್ಕೆ 0.83.

ಶೇಕಡಾವಾರು ಮತ ಸರಿಯಾಗಿ ಸಿಕ್ಕಿದರೂ ಸ್ಥಾನ ಎಣಿಸುವಾಗ ಮುಗ್ಗರಿಸಬಹುದು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ. ಆದರೆ 104 ಸ್ಥಾನ ಪಡೆದು ದೊಡ್ಡ ಪಕ್ಷವಾದದ್ದು ಬಿಜೆಪಿ. ಮತ ಎಲ್ಲೆಲ್ಲಿ ಹರಡಿದೆ, ಎಲ್ಲಿ ಒತ್ತಾಗಿದೆ ಎಂಬುದನ್ನು ಪ್ರದೇಶವಾರು ಬಿಡಿಸದೆ ಸ್ಥಾನಗಳ ಸಂಖ್ಯೆ ಹೇಳುವವರನ್ನು ನಂಬಬೇಡಿ.

ಇನ್ನು ಭಾಷಣ. ಸಭಿಕರು ಒಂದೇ ಸಂಖ್ಯೆ ಕೇಳಲು ಬಂದಿರುತ್ತಾರೆ. ನೀವು ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿ ಹೇಳಬೇಕು. ಯಾವ ದಿನಾಂಕಗಳಲ್ಲಿ, ಎಷ್ಟು ಮತಗಟ್ಟೆಗಳಲ್ಲಿ ಕೇಳಿದಿರಿ, ಎಷ್ಟು ಮಂದಿ ಉತ್ತರಿಸಲು ಒಪ್ಪಲಿಲ್ಲ, ಹಣ ಯಾರದು, ಪ್ರಶ್ನೆಯ ಪದಗಳೇನು ಎಂಬುದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡಿ. ಎರಡು ಪಕ್ಷಗಳ ಅಂತರ ದೋಷಮಿತಿಯೊಳಗಿದ್ದರೆ 'ಸಮಬಲ' ಎಂದೇ ಹೇಳಿ, ಆಯೋಜಕರು ಮುಖ ಸಿಂಡರಿಸಿದರೂ ಸರಿ. ಕಾನೂನೂ ಗೊತ್ತಿರಲಿ: ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಮಿನ ಪ್ರಕಾರ, ಮತಗಟ್ಟೆ ಸಮೀಕ್ಷೆಯ (ಮತ ಹಾಕಿ ಬಂದವರನ್ನು ಕೇಳುವ 'ಎಕ್ಸಿಟ್ ಪೋಲ್') ಫಲಿತಾಂಶವನ್ನು ಕೊನೆಯ ಹಂತದ ಮತದಾನ ಮುಗಿದು ಅರ್ಧ ಗಂಟೆಯಾಗುವವರೆಗೆ ಹೊರಬಿಡುವಂತಿಲ್ಲ.

ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ನಿಮ್ಮ ಮತಗಟ್ಟೆಯ ಪಟ್ಟಿ ಸಿಗುತ್ತದೆ. ಈ ರಜೆಯಲ್ಲಿ ಅದನ್ನು ಇಳಿಸಿಕೊಂಡು 25 ಹೆಸರು ಆರಿಸಿ. ಪಕ್ಷದ ವಿಷಯ ಬೇಡ. ಕುಡಿಯುವ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದಷ್ಟೇ ಕೇಳಿ. ಎಷ್ಟು ಮಂದಿ ಸಿಗಲಿಲ್ಲ, ಏಕೆ ಸಿಗಲಿಲ್ಲ ಎಂಬುದನ್ನು ನೋಟುಬುಕ್ಕಿನಲ್ಲಿ ಬೇರೆ ಪುಟದಲ್ಲಿ ಬರೆದಿಡಿ.