ಡೊರೊತಿ ಡೇ: ಜಪಸರ ಹಿಡಿದ ಕೈಗೆ ಕೋಳ ಬಿದ್ದದ್ದು ವಿರೋಧಾಭಾಸವೇ?

ಚರ್ಚಿನ ನಿತ್ಯ ಬಲಿಪೂಜೆ (ಮಾಸ್), ಜಪಸರ, ಸಂತರ ಚರಿತ್ರೆಗಳಲ್ಲಿ ಮುಳುಗಿದ್ದ ಅಮೆರಿಕದ ಕ್ಯಾಥೊಲಿಕ್ ಪತ್ರಕರ್ತೆ, ಹೋರಾಟಗಾರ್ತಿ ಡೊರೊತಿ ಡೇ ಮತ್ತೆ ಮತ್ತೆ ಸೆರೆಮನೆಗೂ ಹೋದದ್ದು ವಿರೋಧಾಭಾಸವಲ್ಲವೇ, ಅವರ ಭಕ್ತಿ ಹೋರಾಟಕ್ಕೆ ತೊಡಿಸಿದ ಅಲಂಕಾರವೇ ಎಂದು ನೀವು ಕೇಳಿದ್ದೀರಿ. ಅವರ ಬರಹಗಳನ್ನು ಬಹುಕಾಲದಿಂದ ಓದುತ್ತಿರುವ ನನಗೆ ತೋರುವುದೇ ಬೇರೆ. ಆ ಭಕ್ತಿ ಇಲ್ಲದಿದ್ದರೆ ಹೋರಾಟ ಅಷ್ಟು ದೀರ್ಘಕಾಲ ಬಾಳುತ್ತಿರಲಿಲ್ಲ.

ಕಾಲಕ್ರಮದಲ್ಲಿ ಹೋರಾಟವೇ ಮೊದಲು. ಎಡಪಂಥೀಯ ಪತ್ರಿಕೆಗಳಲ್ಲಿ ದುಡಿಯುತ್ತಿದ್ದ ಅವರು 1917ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಶ್ವೇತಭವನದ ಎದುರು ನಿಂತು ಸೆರೆ ಸೇರಿದ್ದರು. ದೀಕ್ಷಾಸ್ನಾನ ಪಡೆದು ಕ್ಯಾಥೊಲಿಕ್ ಧರ್ಮಸಭೆ ಸೇರಿದ್ದು 1927ರ ಡಿಸೆಂಬರ್‌ನಲ್ಲಿ. ಅದಕ್ಕಾಗಿ, ಧರ್ಮವನ್ನೂ ಮದುವೆಯನ್ನೂ ಒಪ್ಪದ, ತಮ್ಮ ಮಗಳ ತಂದೆಯಾದ ಸಂಗಾತಿಯಿಂದ ದೂರವಾಗಬೇಕಾಯಿತು. ಸಂತರ ಬಗ್ಗೆ ಅವರಿಗೆ ಹಳೆಯದೊಂದು ತಕರಾರಿತ್ತು: ಗುಲಾಮರಿಗೆ ಸೇವೆ ಮಾಡಿದ ಸಂತರಿದ್ದಾರೆ, ಗುಲಾಮಗಿರಿಯನ್ನೇ ಕೊನೆಗಾಣಿಸಲು ಹೊರಟ ಸಂತರೆಲ್ಲಿ? 1933ರ ಮೇ 1ರಂದು ಫ್ರಾನ್ಸ್ ಮೂಲದ ಕ್ಯಾಥೊಲಿಕ್ ಚಿಂತಕ ಪೀಟರ್ ಮೌರಿನ್ ಜೊತೆಗೂಡಿ ಅವರು ನ್ಯೂಯಾರ್ಕಿನಲ್ಲಿ ಆರಂಭಿಸಿದ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆಯನ್ನೂ ಅದರ ಬೆನ್ನಿಗೇ ತೆರೆದ, ನಿರ್ಗತಿಕರಿಗೆ ಊಟ-ವಸತಿ ನೀಡುವ ಮನೆಗಳನ್ನೂ ಆ ತಕರಾರಿಗೆ ಅವರೇ ಕಂಡುಕೊಂಡ ಉತ್ತರವೆಂದು ನಾನು ಓದುತ್ತೇನೆ.

ನಿಮ್ಮ ಪ್ರಶ್ನೆಯ ತಿರುಳಿರುವುದು ಫ್ರಾನ್ಸಿನ ಲಿಸಿಯೂ ಪಟ್ಟಣದ ಸಂತ ತೆರೇಸಾಳಲ್ಲಿ. ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡ ಈ ಮಠವಾಸಿಯ ಆತ್ಮಕಥೆಯನ್ನು ಪಾಪನಿವೇದನೆ ಕೇಳುವ ಗುರುಗಳು ಕೊಟ್ಟಾಗ, ಅದು ಡೊರೊತಿಗೆ ತೀರಾ ನೀರಸವಾಗಿ, ತಮ್ಮ ಕಾಲದ ಸಂಕಟಗಳಿಗೆ ಸಾಲದ್ದಾಗಿ ಕಂಡಿತ್ತು. ಆದರೆ ದಿನವೂ ಬಂದು ನಿಲ್ಲುವ ಹಸಿದವರ ಸಾಲು, ಮನೆಯೊಳಗಿನ ಜಗಳ, ಕುಡಿತ, ತಿಗಣೆಗಳ ನಡುವೆ ವರ್ಷಗಳು ಕಳೆದಂತೆ, ಸಣ್ಣ ಕೆಲಸವನ್ನು ಪ್ರೀತಿಯಿಂದ ಮಾಡಿ ಫಲವನ್ನು ದೇವರಿಗೆ ಬಿಡುವ ತೆರೇಸಾಳ ಪುಟ್ಟ ದಾರಿಯೇ ಅವರ ಕೈಹಿಡಿಯಿತು. 1960ರಲ್ಲಿ ಆಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ಗೆಲುವನ್ನು ಲೆಕ್ಕ ಹಾಕುವವರು ಸೋಲಿನಲ್ಲಿ ಕುಸಿಯುತ್ತಾರೆ. ಎರಡನೆಯ ಮಹಾಯುದ್ಧದಲ್ಲಿಯೂ ಯುದ್ಧವಿರೋಧವನ್ನು ಬಿಡದ ಕಾರಣಕ್ಕೆ ಪತ್ರಿಕೆಯ ಪ್ರಸಾರ ಇಳಿದು, ಹಲವು ಮನೆಗಳು ಮುಚ್ಚಿಹೋದಾಗಲೂ ಇವರು ಕುಸಿಯಲಿಲ್ಲ. 1950ರ ದಶಕದಲ್ಲಿ, ಅಣುಬಾಂಬಿನ ಭಯದಿಂದ ನಡೆಸುತ್ತಿದ್ದ ವಾಯುದಾಳಿ ತಾಲೀಮಿನ ಸೈರನ್ ಮೊಳಗಿದಾಗ ಆಶ್ರಯತಾಣಕ್ಕೆ ಹೋಗಲು ನಿರಾಕರಿಸಿ, ಉದ್ಯಾನದಲ್ಲೇ ಕುಳಿತು ಬಂಧನಕ್ಕೊಳಗಾದದ್ದನ್ನು ಅವರು, ತಮ್ಮ ದೇಶ ಅಣುಬಾಂಬ್ ಹಾಕಿದ್ದಕ್ಕೆ ಪ್ರಾಯಶ್ಚಿತ್ತವೆಂದೇ ಭಾವಿಸಿದ್ದರು.

ಧರ್ಮಸಭೆಗೆ ವಿಧೇಯರಾಗಿದ್ದವರು ಅದರ ಎದುರು ನಿಲ್ಲಬಲ್ಲರೇ ಎಂಬ ಅನುಮಾನ ನಿಮಗಿದ್ದರೆ, 1949ರ ಘಟನೆಯನ್ನು ನೋಡಿ: ನ್ಯೂಯಾರ್ಕ್ ಮಹಾಧರ್ಮಪ್ರಾಂತ್ಯದ ಸ್ಮಶಾನದಲ್ಲಿ ಗುಂಡಿ ತೋಡುವ ಕಾರ್ಮಿಕರು ಮುಷ್ಕರ ಹೂಡಿದಾಗ ಆ ಧರ್ಮಪ್ರಾಂತ್ಯದ ಮುಖ್ಯಸ್ಥ ಕಾರ್ಡಿನಲ್ ಸ್ಪೆಲ್‌ಮನ್, ಪಾದ್ರಿಗಳಾಗಲು ಕಲಿಯುತ್ತಿದ್ದ ಗುರುಮಠದ ವಿದ್ಯಾರ್ಥಿಗಳಿಂದ ಗುಂಡಿ ತೋಡಿಸಿದರು, ಡೊರೊತಿ ಬಹಿರಂಗವಾಗಿ ಮುಷ್ಕರನಿರತರ ಪಕ್ಷ ವಹಿಸಿದರು.

1980ರಲ್ಲಿ ತೀರಿಕೊಂಡ ಅವರನ್ನು ಸಂತರ ಸಾಲಿಗೆ ಸೇರಿಸುವ ಪ್ರಕ್ರಿಯೆಗೆ ರೋಮ್ 2000ದಲ್ಲಿ ಅನುಮತಿ ನೀಡಿದ್ದು, ಅವರೀಗ ‘ದೇವರ ಸೇವಕಿ’, ಅಂದರೆ ಆ ಪ್ರಕ್ರಿಯೆಯ ಮೊದಲ ಹಂತದಲ್ಲಿರುವವರು. ಪೀಠದ ಮೇಲೆ ಕೂರಿಸಿದರೆ ಅವರು ಸೌಮ್ಯ ಅನ್ನದಾತೆಯಾಗಿ ಮಾತ್ರ ಉಳಿದಾರು ಎಂಬ ಅವರ ಹಲವು ಅನುಯಾಯಿಗಳ ಆತಂಕ ನನಗೂ ಇದೆ. ಆದರೂ ಆ ಪದವಿ ಸಿಗಲಿ ಎನ್ನುತ್ತೇನೆ, 1973ರಲ್ಲಿ ಕ್ಯಾಲಿಫೋರ್ನಿಯಾದ ಹೊಲಗೂಲಿಗಳ ಪರವಾಗಿ ಎಪ್ಪತ್ತೈದರ ಇಳಿವಯಸ್ಸಿನಲ್ಲಿ ಜೈಲು ಸೇರಿದ್ದೂ ಆ ಚರಿತ್ರೆಯಲ್ಲಿ ದಾಖಲಾಗುವುದಾದರೆ.