ಬೆಣೆ ಬಿಡಿ, ಹೊಳಪು ನೋಡಿ

ಹಳೆಯ ಅಮೆರಿಕನ್ ಕೋಲ್ಟ್ 1860 ಆರ್ಮಿ ರಿವಾಲ್ವರ್‌ನಲ್ಲಿ ಬ್ಯಾರೆಲನ್ನು ಹಿಡಿದಿಡುವ ಬೆಣೆ ಮೇಲೆ ಉಳಿದ ಭಾಗಗಳಿಗಿಂತ ಬೇರೆ ಸೀರಿಯಲ್ ನಂಬರ್ ಇದೆ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಅದೊಂದೇ ಕಾರಣಕ್ಕೆ ಬಿಡಬೇಡಿ. ಬ್ಯಾರೆಲ್ ಬಿಚ್ಚುವಾಗಲೆಲ್ಲ ಹೊರಬರುವ ತುಂಡು ಅದು. ಕಳೆದುಹೋಗೋದು, ಅದಲುಬದಲಾಗೋದು ಮಾಮೂಲು. ಬ್ಯಾರೆಲ್, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ತಳ ಈ ನಾಲ್ಕರ ನಂಬರ್ ತಾಳೆಯಾಗಲಿ. ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ನಂಬರ್ ಬೇರೆಯಾಗಿದ್ದರೆ ಬೆಲೆ ಇಳಿಸಿ ಮಾತಾಡಿ.

ನನಗೆ ಅನುಮಾನ ಬಂದಿದ್ದು ನೀವು ಬರೆದ ‘ಫಳಫಳ ಹೊಳೀತಿದೆ’ ಅನ್ನೋ ಮಾತಿಗೆ. ಸಿಲಿಂಡರ್ ಸುತ್ತ ಸಾಮಾನ್ಯವಾಗಿ 1843ರ ಕಾಂಪೆಚೆ ನೌಕಾಯುದ್ಧದ ಕೆತ್ತನೆ ಚಿತ್ರ ಇರುತ್ತದೆ. ಅದರ ಗೆರೆ ತೀರಾ ತೆಳು, ಉಜ್ಜಿದರೆ ಮೊದಲು ಹೋಗೋದೇ ಅದು. ಓರೆ ಬೆಳಕಿಗೆ ಹಿಡಿದು ಹಾಯಿ, ಅಲೆ ಎಲ್ಲಾದರೂ ಉಳಿದಿದೆಯಾ ನೋಡಿ. ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಕರಗಿ ಲೋಹ ಮಾತ್ರ ಮಿಂಚುತ್ತಿದ್ದರೆ, ಯಾರೋ ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ. ಅಂಥದ್ದಕ್ಕಿಂತ ಕಂದು ತಿರುಗಿದ್ದೇ ಎಷ್ಟೋ ಮೇಲು. ಮರದ ಹಿಡಿಯಲ್ಲಿ ಸೇನಾ ತಪಾಸಣಾಧಿಕಾರಿಯ ಮುದ್ರೆ ಮಸುಕಾಗಿಯಾದರೂ ಕಂಡರೆ ಅದೃಷ್ಟ. ಇಟಲಿಯ ಪ್ರೂಫ್ ಮುದ್ರೆ (ಬಂದೂಕನ್ನು ಪರೀಕ್ಷಿಸಿ ಒತ್ತುವ ಗುರುತು) ಕಂಡರೆ ಮಾತ್ರ ಎದ್ದು ಬನ್ನಿ, ಅದು ಇತ್ತೀಚಿನ ನಕಲು.

ಅಂದಹಾಗೆ, ಬಿಚ್ಚುವ ಮೊದಲು ಸಿಲಿಂಡರ್‌ನ ಆರೂ ಗುಂಡಿನ ಕೋಣೆ ಖಾಲಿ ಇದೆಯಾ ಅಂತ ತಿಳಿದವರಿಂದ ನೋಡಿಸಿ. ಕಪ್ಪು ಮದ್ದು ಒಣಗಿದ್ದರೆ 150 ವರ್ಷದ ಮೇಲೂ ಹತ್ತಿಕೊಳ್ಳಬಲ್ಲದು.