ಕೋಡಿಂಗ್ ಬರದೇ ಇರೋರು ಮೊದಲನೇ ವೆಬ್‌ಸೈಟ್ ಎಲ್ಲಿಂದ ಶುರು ಮಾಡ್ಬೇಕು?

ನಿಮ್ಮ ಪ್ರಶ್ನೆ ಓದಿದೆ. ಮನೇಲೇ ಹೊಲಿಗೆ ಕ್ಲಾಸ್ ನಡೆಸ್ತೀರಿ, ಅದಕ್ಕೊಂದು ವೆಬ್‌ಸೈಟ್ ಬೇಕು, ಕೋಡಿಂಗ್ ಒಂದಕ್ಷರ ಬರಲ್ಲ, ಸೈಟ್ ಕಟ್ಟೋಕೆ ಅಂತ ಇರೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಿಡಿಯೋದಾ ಇಲ್ಲ ವೆಬ್ ಪೇಜ್ ಬರೆಯೋ ಭಾಷೆ ಎಚ್‌ಟಿಎಂಎಲ್ ಕಲಿಯೋದಾ ಅಂತ ಕೇಳಿದೀರಿ. ಅದಕ್ಕೂ ಹೇಳ್ತೀನಿ, ಆದ್ರೆ ಅದಕ್ಕಿಂತ ಮುಂಚೆ ನಾನೇ ನಿಮಗೊಂದು ಕೇಳ್ಬೇಕು. ಕ್ಲಾಸಿಗೆ ಸೇರೋಕೆ ಅಂತ ಫೋನ್ ಮಾಡೋರು ನಿಮ್ಮನ್ನ ಏನೇನು ಕೇಳ್ತಾರೆ?

ಯಾಕೆ ಕೇಳ್ತಿದೀನಿ ಅಂದ್ರೆ ನನ್ನ ಮೊದಲನೇ ಸೈಟ್ ಕೆಟ್ಟಿದ್ದೇ ಇಲ್ಲಿ. ಹಳೇ ರೇಡಿಯೋ ರಿಪೇರಿ ಮಾಡೋದು ಹೇಗೆ ಅಂತ ಒಂದು ಸೈಟ್ ಮಾಡೋಕೆ ಕೂತೆ, ಎರಡು ತಿಂಗಳು ಬರೀ ಬಣ್ಣ, ಮೆನು, ತಾನಾಗೇ ಪಕ್ಕಕ್ಕೆ ಸರಿಯೋ ಫೋಟೋಗಳು, ಮೌಸ್ ಇಟ್ರೆ ಮಿನುಗೋ ಬಟನ್ನು ಇದರಲ್ಲೇ ಕಳೆದೋಯ್ತು, ಬರಹ ಆಮೇಲೆ ತುಂಬಿದ್ರಾಯ್ತು ಅಂದ್ಕೊಂಡಿದ್ದೆ. ಬರಹ ತುಂಬೋ ದಿನ ಬಂದಾಗ ನಾನು ಎರಡೆರಡು ಸಾಲಿಗೆ ಅಂತ ಮಾಡಿಟ್ಟಿದ್ದ ಡಬ್ಬಗಳಿಗೆ ನಲವತ್ತು ಸಾಲಿನ ವಿವರಣೆ ಹಿಡಿಸ್ಲೇ ಇಲ್ಲ, ಫೋಟೋ ಒಂದು ಕಡೆ ಅದರ ವಿವರ ಇನ್ನೊಂದು ಕಡೆ ಹೋಗಿ ಕೂತ್ಕೊಳ್ತು. ಪೂರ್ತಿ ಬಿಚ್ಚಿ ಮತ್ತೆ ಮಾಡ್ಬೇಕಾಯ್ತು. ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕಿದ ಹಾಗೆ ಅಂದ್ರೆ ನಿಮಗೆ ತಕ್ಷಣ ಅರ್ಥ ಆಗುತ್ತೆ.

ಹಾಗಾಗಿ ಒಂದು ವಾರ ಕಂಪ್ಯೂಟರ್ ಮುಟ್ಬೇಡಿ. ಒಂದು ನೋಟ್‌ಬುಕ್ ಇಟ್ಕೊಳ್ಳಿ, ಯಾರೇ ಫೋನ್ ಮಾಡ್ಲಿ ಮೆಸೇಜ್ ಮಾಡ್ಲಿ, ಅವರು ಕೇಳಿದ್ದನ್ನ ಅವರದ್ದೇ ಮಾತಲ್ಲಿ ಬರ್ಕೊಳ್ಳಿ. ಏನೂ ಬರದೇ ಇರೋರನ್ನ ಸೇರಿಸ್ಕೊಳ್ತೀರಾ, ಮಿಷಿನ್ ನಾವೇ ತರ್ಬೇಕಾ, ವಾರಕ್ಕೆ ಎಷ್ಟು ದಿನ, ಸಂಜೆ ಬ್ಯಾಚ್ ಇದೆಯಾ, ಒಂದು ಬಟ್ಟೆ ಪೂರ್ತಿ ನಾನೇ ಹೊಲಿಯೋ ಹಾಗಾಗೋಕೆ ಎಷ್ಟು ತಿಂಗಳು ಬೇಕು, ಫೀಸ್ ಒಂದೇ ಸಲ ಕಟ್ಬೇಕಾ, ನಡುವೆ ಒಂದೆರಡು ಕ್ಲಾಸ್ ತಪ್ಪಿದ್ರೆ ಏನು. ನನ್ನ ಪ್ರಕಾರ ಹದಿನೈದು ಪ್ರಶ್ನೆ ಆಗೋ ಹೊತ್ತಿಗೆ ಕೇಳಿದ್ದೇ ತಿರುಗಿ ಬರೋಕೆ ಶುರುವಾಗುತ್ತೆ. ಆ ಪಟ್ಟೀನೇ ನಿಮ್ಮ ವೆಬ್‌ಸೈಟು. ಪ್ರತಿ ಪ್ರಶ್ನೆಗೂ ನೀವು ಫೋನಲ್ಲಿ ಹೇಳೋ ಹಾಗೇ ಎರಡು ಮೂರು ಸಾಲು ಉತ್ತರ ಬರೀರಿ, "ನಮ್ಮ ಸಂಸ್ಥೆಯು ಅತ್ಯುನ್ನತ ಗುಣಮಟ್ಟದ ತರಬೇತಿಯನ್ನು" ಅನ್ನೋ ಥರ ಬರೆಯೋಕೆ ಹೋಗ್ಬೇಡಿ, ಅದನ್ನ ಓದಿ ಯಾರಿಗೂ ಏನೂ ಗೊತ್ತಾಗಲ್ಲ.

ಆಮೇಲೆ ಆ ಉತ್ತರಗಳನ್ನ ಗುಂಪು ಮಾಡಿ. ನಿಮಗೆ ಮೂರು ಪೇಜ್ ಸಾಕು ಅನ್ಸುತ್ತೆ, ಮೊದಲನೇ ಪೇಜು, ಕ್ಲಾಸಿನ ವಿವರ, ಸಂಪರ್ಕ. ಫೋನ್ ಪರದೆ ಅಗಲದ ಕಾಗದ ಕತ್ತರಿಸ್ಕೊಂಡು ಅದರ ಮೇಲೆ ಯಾವುದರ ಕೆಳಗೆ ಯಾವುದು ಬರುತ್ತೆ ಅಂತ ಪೆನ್ಸಿಲಲ್ಲಿ ಬರೀರಿ, ಯಾಕಂದ್ರೆ ನಿಮ್ಮ ಸೈಟ್ ನೋಡೋ ಹೆಚ್ಚಿನವರು ಕೈಯಲ್ಲಿ ಫೋನ್ ಹಿಡ್ಕೊಂಡೇ ನೋಡೋದು. ಮೊದಲನೇ ಪೇಜಿನ ಮೊದಲ ಸಾಲಲ್ಲೇ ಏನು, ಯಾರಿಗೆ ಅನ್ನೋದು ಬಂದ್ಬಿಡ್ಬೇಕು. "ಹೊಸಬರಿಗೆ ಹೊಲಿಗೆ ಕಲಿಸ್ತೀನಿ, ವಾರಕ್ಕೆ ಮೂರು ದಿನ, ಮಿಷಿನ್ ಇಲ್ಲೇ ಇದೆ", ಇಷ್ಟು ಸಾಕು, ಸ್ವಾಗತ ಸುಸ್ವಾಗತ ಎಲ್ಲ ಬೇಡ.

ಈಗ ನೀವು ಕೇಳಿದ ಪ್ರಶ್ನೆ. ದಾರಿ ಮೂರಿದೆ. ಒಂದು, ಎಳೆದು ಹಾಕಿ ಕೂರಿಸೋ ಥರದ್ದು, ವಿಕ್ಸ್, ಸ್ಕ್ವೇರ್‌ಸ್ಪೇಸ್, ಗೂಗಲ್ ಸೈಟ್ಸ್ ಇವೆಲ್ಲ, ಬೇಗ ಆಗುತ್ತೆ ಆದ್ರೆ ನಾಳೆ ಅಲ್ಲಿಂದ ಬೇರೆ ಕಡೆ ಹೋಗ್ಬೇಕು ಅಂದ್ರೆ ಸುಮಾರಾಗಿ ಎಲ್ಲಾನೂ ಮತ್ತೆ ಕೂರಿಸ್ಬೇಕು. ಎರಡು, ವರ್ಡ್‌ಪ್ರೆಸ್. 2003ರಲ್ಲಿ ಶುರುವಾದ ಉಚಿತ ಸಾಫ್ಟ್‌ವೇರ್ ಅದು, ತುಂಬ ಒಳ್ಳೇದು, ವಾರಕ್ಕೊಂದು ಲೇಖನ ಹಾಕೋರಿಗೆ ಹೇಳಿ ಮಾಡಿಸಿದ್ದು. ಒಂದು ಗೊಂದಲ ಎಲ್ಲರಿಗೂ ಆಗುತ್ತೆ, ವರ್ಡ್‌ಪ್ರೆಸ್ ಡಾಟ್ ಕಾಮ್ ಅಂದ್ರೆ ಅವರೇ ಹೋಸ್ಟಿಂಗ್, ಅಂದ್ರೆ ಸೈಟಿನ ಫೈಲ್ ಇಡೋ ಜಾಗ, ಕೊಟ್ಟು ನಡೆಸೋ ಸೇವೆ, ಡಾಟ್ ಆರ್ಗ್ ಅಂದ್ರೆ ನೀವೇ ಡೌನ್‌ಲೋಡ್ ಮಾಡಿ ನಿಮ್ಮ ಹೋಸ್ಟಿಂಗ್ ಮೇಲೆ ಹಾಕ್ಕೊಳ್ಳೋ ಸಾಫ್ಟ್‌ವೇರ್. ಈ ಎರಡನೇದು ಹಾಕ್ಕೊಂಡ್ರೆ ಅದನ್ನ, ಅದರ ಥೀಮ್ (ಸೈಟಿನ ರೂಪ), ಪ್ಲಗಿನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸೋ ತುಣುಕು) ಎಲ್ಲಾನೂ ಕಾಲಕಾಲಕ್ಕೆ ಅಪ್‌ಡೇಟ್ ಮಾಡ್ತಾನೇ ಇರ್ಬೇಕು, ಹಾಕಿ ಮರೆತುಬಿಟ್ರೆ ಹಳೇ ಪ್ಲಗಿನ್‌ನಲ್ಲಿರೋ ತೂತಿನಿಂದ ಯಾರೋ ನುಗ್ಗಿ ಸೈಟಲ್ಲಿ ಏನೇನೋ ಜಾಹೀರಾತು ತುಂಬ್ತಾರೆ. ವರ್ಷಕ್ಕೆ ಎರಡು ಸಲ ಸಮಯ, ಫೀಸ್ ಬದಲಾಯ್ಸೋ ಮೂರು ಪೇಜಿಗೆ ಅಷ್ಟು ಉಸ್ತುವಾರಿ ಯಾಕೆ?

ನಾನು ಹೇಳೋದು ಮೂರನೇದು, ಕೈಯಲ್ಲೇ, ಅಂದ್ರೆ ನೀವೇ ಟೈಪ್ ಮಾಡಿ, ಎಚ್‌ಟಿಎಂಎಲ್ ಬರೀರಿ. ಹೆದರ್ಬೇಡಿ. ಪ್ರೋಗ್ರಾಮಿಂಗ್‌ನಲ್ಲಿ ಬರೋ ಲೆಕ್ಕಾಚಾರ, ತರ್ಕ ಇದರಲ್ಲಿ ಏನೂ ಇಲ್ಲ, ಇದು ತಲೆಬರಹ, ಇದು ಪ್ಯಾರಾ, ಇದು ಫೋಟೋ, ಇದು ಲಿಂಕ್ ಅಂತ ಬರಹಕ್ಕೆ ಗುರುತು ಹಾಕ್ತಾ ಹೋಗೋದು ಅಷ್ಟೇ. ಟಿಮ್ ಬರ್ನರ್ಸ್ ಲೀ ಅನ್ನೋರು 1990-91ರ ಹೊತ್ತಿಗೆ ಸರ್ನ್ ಅನ್ನೋ ಭೌತಶಾಸ್ತ್ರ ಸಂಸ್ಥೆಯಲ್ಲಿ ಜಗತ್ತಿನ ಮೊದಲನೇ ವೆಬ್‌ಸೈಟ್ ಮಾಡಿದ್ದೂ ಇದರಲ್ಲೇ, ಬರೀ ತಲೆಬರಹ, ಸಾಲುಗಳು, ಲಿಂಕ್. ಅದರ ಹಳೇ ಪ್ರತಿಯೊಂದನ್ನ ಸರ್ನ್ ಈಗ್ಲೂ ಇಂಟರ್ನೆಟ್ಟಲ್ಲಿ ಇಟ್ಟಿದೆ, ಇವತ್ತಿನ ಫೋನಲ್ಲೂ ಅದು ತೆರ್ಕೊಳ್ಳುತ್ತೆ, ಅಷ್ಟು ಗಟ್ಟಿ ಇದು. ಈ ಗುರುತಿಗೆ ಟ್ಯಾಗ್ ಅಂತಾರೆ, ಒಂದಿಪ್ಪತ್ತು ಟ್ಯಾಗ್ ಗೊತ್ತಿದ್ರೆ ನಿಮ್ಮ ಕೆಲಸ ಆಗುತ್ತೆ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಜಾಗ ಇವೆಲ್ಲ ಸಿಎಸ್‌ಎಸ್ ಅನ್ನೋ ಇನ್ನೊಂದು ಭಾಷೆ ನೋಡ್ಕೊಳ್ಳುತ್ತೆ, ಅದೂ ಮೂವತ್ತು ನಲವತ್ತು ಸಾಲಲ್ಲಿ ಮುಗಿಯುತ್ತೆ. ಪೇಜಿಗೆ ಚಲನೆ, ಲೆಕ್ಕಾಚಾರ ಸೇರಿಸೋ ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಸದ್ಯಕ್ಕೆ ಬೇಡವೇ ಬೇಡ. ಎಂಡಿಎನ್ (MDN) ಅಂತ ಹುಡುಕಿ, ಅದು ವೆಬ್ ಕಲಿಸೋ ಸೈಟ್, ಅಲ್ಲಿ ಹೊಸಬರಿಗೆ ಅಂತಾನೇ ಉಚಿತ ಪಾಠ ಇದೆ, ಸಂಜೆ ಒಂದೊಂದು ಗಂಟೆ ಕೂತ್ರೆ ಎರಡು ಮೂರು ವಾರದಲ್ಲಿ ಮೂರು ಪೇಜ್ ನಿಲ್ಲಿಸ್ಬಹುದು. ಅಷ್ಟು ಪುರುಸೊತ್ತೂ ಇಲ್ಲ ಅಂದ್ರೆ ಬೇಜಾರಿಲ್ಲ, ಗೂಗಲ್ ಸೈಟ್ಸ್‌ನಲ್ಲಿ ಮಾಡಿ, ನೋಟ್‌ಬುಕ್ಕಿನ ಬರಹ ಹೇಗೂ ರೆಡಿ ಇರುತ್ತಲ್ಲ.

ಕೈಯಲ್ಲಿ ಬರೆಯೋರು ಎಡವೋ ಜಾಗ ಒಂದಷ್ಟು ಇದೆ, ಎಲ್ಲ ನಾನೇ ಎಡವಿದ್ದು. ಪೇಜಿನ ತಲೆಯಲ್ಲಿ, ಅಂದ್ರೆ ಎಚ್‌ಟಿಎಂಎಲ್‌ನ ಹೆಡ್ ಅನ್ನೋ ಭಾಗದಲ್ಲಿ, ಎರಡು ಸಾಲು ಮರೀಬಾರದು. ಒಂದು ಯುಟಿಎಫ್-8 ಅಂತ ಹೇಳೋ ಸಾಲು, ಅದು ಇಲ್ದಿದ್ರೆ ಕನ್ನಡ ಅಕ್ಷರದ ಜಾಗದಲ್ಲಿ ಚಿತ್ರವಿಚಿತ್ರ ಗುರುತು ಕಾಣ್ಬಹುದು. ಇನ್ನೊಂದು ವ್ಯೂಪೋರ್ಟ್ ಸಾಲು, ಅದು ಇಲ್ದಿದ್ರೆ ಫೋನು ನಿಮ್ಮ ಪೇಜನ್ನ ಕಂಪ್ಯೂಟರ್ ಅಗಲಕ್ಕೆ ಅಂತ ತಿಳ್ಕೊಂಡು ಇಡೀ ಪೇಜನ್ನ ಕುಗ್ಗಿಸಿ ತೋರ್ಸುತ್ತೆ, ಅಕ್ಷರ ಸಾಸಿವೆ ಕಾಳಾಗುತ್ತೆ. ಯಾವುದೇ ಒಳ್ಳೆ ಪಾಠದ ಮಾದರಿ ಪೇಜಲ್ಲಿ ಇವೆರಡೂ ಇರುತ್ತೆ, ಅರ್ಥ ಆಗ್ಲಿಲ್ಲ ಅಂತ ಅಳಿಸ್ಬೇಡಿ. ಕನ್ನಡದಲ್ಲಿ ಬರೆಯೋದಾದ್ರೆ ಸಾಲಿನ ನಡುವಿನ ಅಂತರ (ಸಿಎಸ್‌ಎಸ್‌ನಲ್ಲಿ line-height) 1.6 ಅಥವಾ 1.7 ಇಡಿ, ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತಲ್ಲ, ಇಂಗ್ಲಿಷಿನ ಅಂತರ ಇಟ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದೋರಿಗೆ ಕಣ್ಣು ನೋವು ಬರುತ್ತೆ. ಯೂನಿಕೋಡ್ (ಎಲ್ಲಾ ಕಂಪ್ಯೂಟರ್, ಫೋನಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟ ಬರಹ ಇದ್ರೆ ಯೂನಿಕೋಡಿಗೆ ಬದಲಾಯಿಸಿ ಹಾಕಿ.

ಫೈಲ್ ಹೆಸರು ಇಂಗ್ಲಿಷಲ್ಲಿ, ಎಲ್ಲಾ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡಿ. ಇದಕ್ಕೆ ಕಾರಣ ಇದೆ, ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂದ್ಕೊಳ್ಳುತ್ತೆ, ಸೈಟ್ ಇರೋ ಸರ್ವರ್ ಕಂಪ್ಯೂಟರಲ್ಲಿ ಸಾಮಾನ್ಯವಾಗಿ ವಿಂಡೋಸ್ ಬದಲು ಲಿನಕ್ಸ್ ಇರುತ್ತೆ, ಅದಕ್ಕೆ ಎರಡೂ ಬೇರೆ ಬೇರೆ. ನನ್ನ ಕಂಪ್ಯೂಟರಲ್ಲಿ ಎಲ್ಲಾ ಫೋಟೋ ಚೆನ್ನಾಗಿ ಕಾಣ್ತಿತ್ತು, ಅಪ್‌ಲೋಡ್ ಮಾಡಿದ್ಮೇಲೆ ಅರ್ಧಕ್ಕರ್ಧ ಮಾಯ, ಒಂದಿಡೀ ರಾತ್ರಿ ಹುಡುಕಿದ್ಮೇಲೆ ಗೊತ್ತಾಯ್ತು ಕ್ಯಾಮೆರಾ ಫೈಲಿನ ಕೊನೇಲಿ ಜೆಪಿಜಿ ಅನ್ನೋದನ್ನ ದೊಡ್ಡಕ್ಷರದಲ್ಲಿ ಇಟ್ಟಿತ್ತು, ನಾನು ಪೇಜಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ ಅಂತ.

ಫೋಟೋ ವಿಷಯ ಬಂತಲ್ಲ, ಫೋನಲ್ಲಿ ತೆಗೆದಿದ್ದನ್ನ ಹಾಗೇ ಹಾಕ್ಬೇಡಿ ದಯವಿಟ್ಟು. 12 ಮೆಗಾಪಿಕ್ಸೆಲ್ ಫೋಟೋ ಅಂದ್ರೆ 4000 ಪಿಕ್ಸೆಲ್ ಅಗಲ, ಮೂರು ನಾಲ್ಕು ಎಂಬಿ, ಅಂಥ ಹತ್ತು ಹಾಕಿದ್ರೆ ನೆಟ್‌ವರ್ಕ್ ಸರಿಯಿಲ್ಲದ ಕಡೆ ಇರೋರು ಪೇಜ್ ತೆರೆಯೋ ಮುಂಚೆನೇ ಎದ್ದು ಹೋಗ್ತಾರೆ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದ್ರೆ ಸುಮಾರು 200 ಕೆಬಿ ಆಸುಪಾಸು ಬರುತ್ತೆ, ಫೋನಲ್ಲಿ ನೋಡೋರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಸ್ಕ್ವೂಶ್ (Squoosh) ಅಂತ ಉಚಿತ ಟೂಲ್ ಇದೆ, ಬ್ರೌಸರಲ್ಲೇ ಈ ಕೆಲಸ ಮಾಡ್ಕೊಡುತ್ತೆ. ಇನ್ನೊಂದು, ನಿಮ್ಮ ಹತ್ರ ಕಲಿಯೋರ ಮುಖ ಕಾಣೋ ಫೋಟೋ ಹಾಕೋ ಮುಂಚೆ ಅವರನ್ನ ಕೇಳಿ, ಮಕ್ಕಳಾದ್ರೆ ಅಪ್ಪ ಅಮ್ಮನ್ನ ಕೇಳಿ. ಕ್ಲಾಸ್ ಮನೇಲೇ ನಡೆಯೋದ್ರಿಂದ ಪೂರ್ತಿ ವಿಳಾಸ ಸೈಟಲ್ಲಿ ಹಾಕೋ ಬದಲು ಬಡಾವಣೆ ಹೆಸರು ಹಾಕಿ ಉಳಿದಿದ್ದು ಫೋನಲ್ಲಿ ಹೇಳೋದು ಒಳ್ಳೇದು.

ಡೊಮೈನ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಬೇರೆಲ್ಲಾ ತಪ್ಪನ್ನ ಆಮೇಲೆ ತಿದ್ಬಹುದು, ಇದರಲ್ಲಿ ಆದ ತಪ್ಪು ತಿದ್ದೋದು ಕಷ್ಟ. ಡೊಮೈನ್ ಅಂದ್ರೆ ನಿಮ್ಮ ಸೈಟಿನ ವಿಳಾಸ, ಹೋಸ್ಟಿಂಗ್ ಅಂದ್ರೆ ಫೈಲ್‌ಗಳು ಇರೋ ಮನೆ, ಎರಡೂ ಬೇರೆ ಬೇರೆ, ಬೇರೆ ಬೇರೆ ಕಡೆ ತಗೊಳ್ಬಹುದು. ಡೊಮೈನ್ ಕೊಂಡ್ಕೊಂಡೆ ಅಂತಾರೆ, ಆದ್ರೆ ನಿಜವಾಗಿ ಅದು ಬಾಡಿಗೆ, ಡಾಟ್ ಕಾಮ್ ಥರದ್ದು ಒಂದು ಸಲಕ್ಕೆ ಜಾಸ್ತಿ ಅಂದ್ರೆ 10 ವರ್ಷಕ್ಕೆ ಸಿಗುತ್ತೆ, ಮತ್ತೆ ನವೀಕರಿಸ್ಬೇಕು. ಮೊದಲನೇ ವರ್ಷ ಕಡಿಮೆ ದರ ತೋರಿಸಿ ಎರಡನೇ ವರ್ಷದಿಂದ ಏರ್ಸೋದು ಮಾಮೂಲಿ, ಅದಕ್ಕೆ ನವೀಕರಣದ ದರ ಎಷ್ಟು ಅಂತ ಮೊದಲೇ ನೋಡಿ. ಎಲ್ಲಕ್ಕಿಂತ ಮುಖ್ಯ, ಅದು ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ, ನೀವೇ ತೆಗೆದ ಅಕೌಂಟಲ್ಲಿ ಇರ್ಬೇಕು. ನನಗೆ ತುಂಬ ಬೇಕಾದವರೊಬ್ರಿಗೆ ಸೈಟ್ ಮಾಡಿಕೊಟ್ಟ ವ್ಯಕ್ತಿ ಡೊಮೈನನ್ನ ತನ್ನ ಹೆಸರಲ್ಲೇ ತಗೊಂಡಿದ್ದ, ಎರಡು ವರ್ಷ ಆದ್ಮೇಲೆ ಫೋನ್ ಎತ್ತೋದು ಬಿಟ್ಟ, ಅವಧಿ ಮುಗೀತು, ಆ ಹೆಸರು ಇನ್ಯಾರದೋ ಪಾಲಾಯ್ತು. ಬೋರ್ಡು, ಕಾರ್ಡು ಎಲ್ಲದರ ಮೇಲೂ ಅದೇ ವಿಳಾಸ ಇತ್ತು, ಪಾಪ ಎಲ್ಲಾನೂ ಹೊಸದಾಗಿ ಅಚ್ಚು ಹಾಕಿಸಿದ್ರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಡೊಮೈನ್ ಅಕೌಂಟಿಗೆ ಎರಡು ಹಂತದ ಲಾಗಿನ್ ಹಾಕಿ, ತಾನಾಗೇ ನವೀಕರಣ ಆಗೋ ಹಾಗೆ ಇಡಿ, ಮತ್ತೆ ಆ ಅಕೌಂಟಿಗೆ ಅದೇ ಡೊಮೈನಿನ ಇಮೇಲ್ ವಿಳಾಸ ಕೊಡ್ಬೇಡಿ, ಡೊಮೈನ್ ನಿಂತ ದಿನ ಎಚ್ಚರಿಕೆಯ ಇಮೇಲ್ ಕೂಡ ನಿಮಗೆ ತಲುಪಲ್ಲ.

ಹೋಸ್ಟಿಂಗಿಗೆ ನಿಮ್ಮಂಥ ಮೂರು ಪೇಜಿಗೆ ದುಡ್ಡು ಕೊಡ್ಬೇಕಾಗಿಲ್ಲ. ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಇವುಗಳಲ್ಲಿ ಉಚಿತ ಪ್ಲಾನ್ ಇದೆ, ನೆಟ್ಲಿಫೈನಲ್ಲಂತೂ ಫೋಲ್ಡರನ್ನ ಎಳೆದು ಬ್ರೌಸರಲ್ಲಿ ಬಿಟ್ರೆ ಸೈಟ್ ಇಂಟರ್ನೆಟ್ಟಿಗೆ ಹೋಗುತ್ತೆ. ಗಿಟ್‌ಹಬ್ ಪೇಜಸ್ ಕೂಡ ಉಚಿತಾನೇ, ಆದ್ರೆ ವ್ಯಾಪಾರ ನಡೆಸೋಕೆ ಅದನ್ನ ಬಳಸಬಾರದು ಅಂತ ಅವರ ನಿಯಮದಲ್ಲಿದೆ, ನೀವು ಫೀಸ್ ತಗೊಳ್ಳೋದ್ರಿಂದ ಅದು ಬೇಡ. ಎಚ್‌ಟಿಟಿಪಿಎಸ್, ಅಂದ್ರೆ ಸೈಟಿಗೂ ನೋಡೋರಿಗೂ ನಡುವಿನ ಸಂಪರ್ಕಕ್ಕೆ ಹಾಕೋ ಬೀಗ, ಇವರೇ ಹಾಕ್ಕೊಡ್ತಾರೆ, ಅದಕ್ಕೆ ಅಂತ ಯಾರಾದ್ರೂ ಬೇರೆ ದುಡ್ಡು ಕೇಳಿದ್ರೆ ಕೊಡ್ಬೇಡಿ. ಡೊಮೈನನ್ನ ಹೋಸ್ಟಿಂಗಿಗೆ ಜೋಡಿಸಿದ ಮೇಲೆ ಎಲ್ಲ ಕಡೆ ಕಾಣೋಕೆ ಕೆಲವು ಸಲ ಒಂದೆರಡು ದಿನ ಹಿಡಿಯುತ್ತೆ, ಕೆಟ್ಟೋಯ್ತು ಅಂತ ಗಾಬರಿಯಿಂದ ಸೆಟ್ಟಿಂಗ್ ತಿರುಚೋಕೆ ಹೋಗ್ಬೇಡಿ, ಕಾಯಿರಿ.

ಸಂಪರ್ಕ ಪೇಜಲ್ಲಿ ಫಾರಂ ಹಾಕೋ ಆಸೆ ಆಗುತ್ತೆ, ಬರೀ ಎಚ್‌ಟಿಎಂಎಲ್ ಆ ಫಾರಂನ ನಿಮಗೆ ಕಳಿಸಲ್ಲ, ಅದಕ್ಕೆ ಹಿಂದೆ ಒಂದು ಸರ್ವರ್ ಕೆಲಸ ಮಾಡ್ಬೇಕು. ಸದ್ಯಕ್ಕೆ ಒತ್ತಿದ್ರೆ ಫೋನ್ ಹೋಗೋ ಲಿಂಕು, ಒಂದು ವಾಟ್ಸಾಪ್ ಲಿಂಕು ಸಾಕು. ಗೂಗಲಲ್ಲಿ ಕಾಣೋಕೆ ಅವರದ್ದೇ ಸರ್ಚ್ ಕನ್ಸೋಲ್ ಅನ್ನೋ ಸೇವೆಯಲ್ಲಿ ಸೈಟ್ ಸೇರಿಸಿ, ಪ್ರತಿ ಪೇಜಿಗೂ ಅದರದ್ದೇ ಟೈಟಲ್ ಕೊಡಿ, ಅಲ್ಲಿ ಕಾಣಿಸ್ಕೊಳ್ಳೋಕೆ ಕೆಲವು ದಿನ, ಕೆಲವು ಸಲ ವಾರಗಳೇ ಆಗುತ್ತೆ. ಮೊದಲನೇ ಸ್ಥಾನಕ್ಕೆ ತರ್ತೀವಿ ಅಂತ ಮೇಲ್ ಬರೋಕೆ ಶುರುವಾಗುತ್ತೆ, ಯಾವುದಕ್ಕೂ ಉತ್ತರ ಕೊಡ್ಬೇಡಿ.

ಪೇಜ್ ಇಂಟರ್ನೆಟ್ಟಿಗೆ ಹೋದ ದಿನ, ಚೆಂದ ಕಾಣದಿದ್ರೂ ಪರವಾಗಿಲ್ಲ, ನಿಮ್ಮ ಕ್ಲಾಸ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ರನ್ನ ಕೂರಿಸಿ ಅವರ ಫೋನಲ್ಲೇ ತೆಗೆಯೋಕೆ ಹೇಳಿ. "ಸಂಜೆ ಬ್ಯಾಚ್ ಎಷ್ಟು ಗಂಟೆಗೆ ಅಂತ ಹುಡುಕಿ" ಅಂತ ಇಷ್ಟೇ ಹೇಳಿ ನೀವು ಸುಮ್ನೆ ಕೂತು ಅವರ ಬೆರಳು ಎಲ್ಲಿ ಹೋಗುತ್ತೆ ನೋಡಿ, ಅಲ್ಲಲ್ಲ ಇಲ್ಲಿ ಅಂತ ಬಾಯಿ ಬಿಡ್ಬೇಡಿ. ನಾನು ಇನ್ನೊಬ್ರ ಸೈಟಿಗೆ ಹೀಗೆ ಮಾಡಿದಾಗ ನೋಡ್ತಿದ್ದೋರು ಫೋನ್ ನಂಬರಿಗೆ ಮೂರು ಸಲ ಮೇಲೆ ಕೆಳಗೆ ಓಡಾಡಿದ್ರು, ನಂಬರ್ ಇದ್ದಿದ್ದು ತೀರಾ ಕೆಳಗೆ, ತಿಳಿ ಬೂದು ಬಣ್ಣದಲ್ಲಿ. ಅವತ್ತೇ ಮೇಲಕ್ಕೆ ತಂದು ಕಪ್ಪು ಮಾಡಿದ್ವಿ.

ಸದ್ಯಕ್ಕೆ ಆ ನೋಟ್‌ಬುಕ್ ಶುರು ಮಾಡಿ. ಒಂದು ವಾರದ ಪ್ರಶ್ನೆ ಪಟ್ಟಿ ಆದ್ಮೇಲೆ ಇಲ್ಲೇ ಕೆಳಗೆ ಹಾಕಿ, ಯಾವುದು ಯಾವ ಪೇಜಿಗೆ ಹೋದ್ರೆ ಸರಿ ಅಂತ ಕೂತು ನೋಡಿ ಹೇಳ್ತೀನಿ.